ಟೀಚರ ಸೊಂಟದಳತೆ ಹೊರಬಿದ್ದದ್ದು ಹೇಗೆ

“ಹಲೋ... ಹಲೋ, ಯಾರು ಮಾತಾಡುವುದು? ಫಯಾಝನಾ?...”

“... ಹಾಂ, ನಾನು ವೇಣೂರಿನಿಂದ ನೀಲಕ್ಕ. ಟೈಲರ್ ನೀಲಕ್ಕ ಮಾರಾಯ, ನಿನ್ನ ಉಮ್ಮನ ಕುಪ್ಪಾಯ ಹೊಲಿಯುವವಳು! ನನ್ನ ಕಂಪ್ಯೂಟರ್ ಎಂತ ಆಯ್ತು? ಸರಿ ಆಯ್ತಾ? ಸಂಜೆಯ ಬಸ್ಸಿಗೆ ಹಾಕ್ತೀಯಾ?...”

ನೀಲಾವತಿ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದಳು. ಎರಡು ಕೈಯನ್ನೂ ಬಟ್ಟೆಗೆ ಬಿಟ್ಟುಕೊಟ್ಟು ಮಾತಾಡುವುದು ಇಪ್ಪತ್ತು ವರ್ಷದ ಹೊಲಿಗೆಯ ಅಭ್ಯಾಸ. ಇವತ್ತು ಮಾತ್ರ ಆ ಕೈಗಳಿಗೆ ಕೆಲಸವೇ ಇರಲಿಲ್ಲ. ಅಂಗಡಿಯ ಕಪಾಟಿನಲ್ಲಿ ಹನ್ನೊಂದು ಹೆಂಗಸರ ರೇಷ್ಮೆ ಬ್ಲೌಸಿನ ಬಟ್ಟೆ ಕತ್ತರಿಯ ಮುಖ ಕಾಣದೆ ಮಡಚಿಕೊಂಡು ಕೂತಿತ್ತು. ಭಾನುವಾರ ಶಶಿಪ್ರಭಾ ಟೀಚರ ಮಗಳ ಮದುವೆ, ಇವತ್ತಾಗಲೇ ಮಂಗಳವಾರ. ಹೆಂಗಸರೆಲ್ಲ ಬೊಂಬಾಯಿಯವರು, ಟೀಚರ ನಾದಿನಿ ಮತ್ತು ಅವರ ಬಳಗ; ದೀಪಾವಳಿಯ ಹೊತ್ತಿಗೆ ನಿಶ್ಚಿತಾರ್ಥಕ್ಕೆ ಬಂದಾಗ ಅಳತೆ ಕೊಟ್ಟು ಹೋದವರು, ಇನ್ನು ಬಂದಿಳಿಯುವುದು ಶನಿವಾರ. ಅವರ ಅಳತೆಯೆಲ್ಲ ಇದ್ದದ್ದು ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ಇದ್ದದ್ದು ಮೂಡುಬಿದಿರೆಯಲ್ಲಿ, ಫಯಾಝನ ರಿಪೇರಿ ಅಂಗಡಿಯ ಮೇಜಿನ ಮೇಲೆ.

ಅದು ಸಾಲದು ಎಂಬಂತೆ ಸಾಕ್ಷಾತ್ ಟೀಚರೇ ಎದುರಿನ ಸ್ಟೂಲಿನಲ್ಲಿ ಕೂತಿದ್ದರು. ಬಂದದ್ದು ಬ್ಲೌಸ್ ವಿಚಾರಿಸಲು ಅಲ್ಲ, ಜಗಳಕ್ಕೆ. ಬಸ್‌ಸ್ಟ್ಯಾಂಡಿನ ಹತ್ತಿರ ನೋಣಯ್ಯನ ಗಾಡಿಯಲ್ಲಿ ನೀರುಳ್ಳಿ ಹಾಕದ ಚರುಮುರಿ ತೆಗೆದುಕೊಂಡು ತಿಂದಿದ್ದರು. ಟೀಚರಲ್ಲವೇ, ಅಕ್ಷರ ಕಂಡರೆ ಓದದೆ ಬಿಡುವ ಜಾತಿಯಲ್ಲ. ಖಾಲಿ ಪೊಟ್ಟಣವನ್ನು ಬಿಸಾಡುವ ಮೊದಲು ಬಿಡಿಸಿ ನೋಡಿದರು. ನೋಡಿದರೆ ಅವರದೇ ಹೆಸರು, ಕೆಳಗೆ ‘ಸೊಂಟ 38’. ನೀಲಾವತಿ ಟೇಪು ಹಿಡಿದು ಹನ್ನೆರಡು ವರ್ಷದಿಂದ ಅವರಿಗೆ ಗಟ್ಟಿಯಾಗಿ ಹೇಳಿಕೊಂಡು ಬಂದದ್ದು ಮೂವತ್ತನಾಲ್ಕು.

ಅದು ನೀಲಾವತಿಯ ಪದ್ಧತಿ. ಬಾಯಲ್ಲಿ ಹೇಳುವುದು ಒಂದು, ಬರೆದುಕೊಳ್ಳುವುದು ಇನ್ನೊಂದು. ಹೇಳಿದ್ದನ್ನು ಕೇಳಿ ಹೆಂಗಸರು ಹಿಗ್ಗಿಕೊಂಡು ಹೋಗುತ್ತಿದ್ದರು, ಬರೆದದ್ದರ ಪ್ರಕಾರ ಹೊಲಿದ ಬ್ಲೌಸ್ ಮೈಗೆ ಸರಿಯಾಗಿ ಕೂರುತ್ತಿತ್ತು, ಇಬ್ಬರಿಗೂ ಸುಖ. ಈ ಗುಟ್ಟು ರಟ್ಟಾದರೆ ವೇಣೂರಿನ ಒಬ್ಬ ಹೆಂಗಸೂ ಅವಳ ಟೇಪಿಗೆ ಕೈ ಎತ್ತಿ ನಿಲ್ಲುವುದಿಲ್ಲ. ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗುವುದೇ.

“... ಡೆಡ್ಡಾ? ಡೆಡ್ ಅಂದ್ರೆ ಎಂತ ಮಾರಾಯ, ಸತ್ತೇ ಹೋದದ್ದಾ? ಒಳಗಿನ ಡಿಸ್ಕಾ? ಹೇಗೆ ಸತ್ತದ್ದು?...”

‘ಸತ್ತದ್ದು’ ಎಂಬ ಮಾತಿಗೆ ಟೀಚರು ತಲೆ ಎತ್ತಿದರು. ನೀಲಾವತಿ ಸ್ವರ ತಗ್ಗಿಸಿ ಗೋಡೆಯ ಕಡೆ ತಿರುಗಿದಳು.

“... ಬಿಸಿಯಾಗಿ? ಯಾಕೆ ಬಿಸಿಯಾಗುವುದು? ಧೂಳು ಹೋಗ್ಬಾರ್ದು, ಯಾರ ಕಣ್ಣೂ ಬೀಳ್ಬಾರ್ದು ಅಂತ ನಾನು ಅದಕ್ಕೆ ಅಂಗಿ ಹೊಲಿದು ಹಾಕಿದ್ದೆನಲ್ಲ! ಒಳ್ಳೆ ಹತ್ತಿ ತುಂಬಿಸಿ, ಎರಡು ಪದರ ಲೈನಿಂಗ್ ಕೊಟ್ಟು...”

“... ಹಾಂ. ಕೆಲಸ ಮಾಡುವಾಗಲೂ ಹಾಕಿಯೇ ಇತ್ತು. ತೆಗೆದ್ರೆ ಮತ್ತೆ ರಕ್ಷಣೆ ಎಲ್ಲಿ ಬಂತು? ನೀನೇ ಹೇಳಿದ್ದಲ್ವಾ, ‘ನೀಲಕ್ಕಾ, ಇದರಲ್ಲಿ ಹೆಂಗಸರ ವಿಷಯ ಉಂಟು, ಜಾಗ್ರತೆ’ ಅಂತ...”

“... ತೂತುಗಳಾ? ಹಿಂದೆ ಇದ್ದದ್ದಾ? ಅಲ್ಲಿಂದ ಇರುವೆ ಹೋಗ್ತದೆ ಅಂತ ನಾನೇ ಮುಚ್ಚಿದ್ದು. ಗಾಳಿ ಹೋಗ್ಲಿಕ್ಕೆ ಅಂತ ನನಗೆ ಯಾರು ಹೇಳಿದ್ರು?...”

“... ಅಯ್ಯೋ, ಅಂಗಿಯನ್ನು ಕತ್ತರಿಸಿದ್ದಾ? ಹುಕ್ಕು ಹಿಂದೆ ಇತ್ತು ಮಾರಾಯ! ಆರು ಹುಕ್ಕು! ನೀನು ಹಿಂದೆ ನೋಡ್ಲೇ ಇಲ್ವಾ?...”

“... ಪಾಸ್‌ವರ್ಡ್ ನಿನಗೆ ಹೇಗೆ ಗೊತ್ತಾಯ್ತು ಮತ್ತೆ?... ಹಾಂ, ಹೌದು, ಅಂಗಿಯ ಒಳಮೈಯಲ್ಲಿ ಕಸೂತಿ ಹಾಕಿದ್ದೆ. ಮರೆತು ಹೋದ್ರೆ ಅಂತ...”

ಟೀಚರು ಕೈಗಡಿಯಾರ ನೋಡಿಕೊಂಡರು. ನೀಲಾವತಿ ಅವರತ್ತ ಒಂದು ನಗು ಬೀರಿದಳು. ಹಲ್ಲುನೋವಿನವರು ಫೋಟೋಕ್ಕೆ ನಗುವ ಹಾಗಿತ್ತು ಅದು.

“... ಫ್ಲಾಪಿ? ಯಾವುದು, ಅಳತೆ ತುಂಬಿಸಿ ಆದಾಗ ನೀನು ಕೊಟ್ಟ ಆ ಕಪ್ಪು ಚೌಕದ್ದಾ? ಅದರಲ್ಲಿ ಎಲ್ಲದರ ಕಾಪಿ ಉಂಟಾ? ಮೊದಲೇ ಹೇಳ್ಬಾರ್ದಾ ಮಾರಾಯ! ಉಂಟು, ಉಂಟು, ಜೋಪಾನವಾಗಿ ಇಟ್ಟಿದ್ದೇನೆ. ನನ್ನ ಜೀವವೇ ಹೋಗಿತ್ತು...”

ಜೀವ ನಿಜಕ್ಕೂ ಹಿಂದೆ ಬಂದಿತ್ತು. ಅವಳು ಟೀಚರಿಗೆ ಕೈಸನ್ನೆಯಲ್ಲೇ ‘ಎಲ್ಲ ಸರಿ ಉಂಟು’ ಎಂದಳು, ಒಂದು ಕೈಯಲ್ಲಿ ಮೆಷಿನಿನ ಡ್ರಾಯರ್ ಎಳೆದಳು.

“... ಎಲ್ಲಿ ಅಂದ್ರೆ ಇಲ್ಲೇ, ಗುಂಡುಸೂಜಿಯ ಡಬ್ಬದಲ್ಲಿ. ಎಲ್ಲೂ ಜಾರಿ ಹೋಗ್ಬಾರ್ದು ಅಂತ ಮೇಲೆ ಅಯಸ್ಕಾಂತ ಇಟ್ಟಿದ್ದೇನೆ. ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತ ಇಲ್ವಾ, ಅದು. ಕಚ್ಚಿ ಹಿಡಿದುಕೊಂಡು ಎಷ್ಟು ಭದ್ರ ಉಂಟು ಗೊತ್ತುಂಟಾ...”

“... ಹಲೋ?... ಹಲೋ, ಫಯಾಝ್? ಇದ್ದೀಯಾ? ಯಾಕೆ ಸುಮ್ಮನಾದೆ?...”

“... ಅಳಿಸಿ ಹೋಗ್ತದಾ? ಪೂರಾ? ಅಯಸ್ಕಾಂತ ಮುಟ್ಟಿದ್ರೆ?... ಎಷ್ಟು ದಿನದಿಂದ ಅಂದ್ರೆ, ನೀನು ಕೊಟ್ಟ ದಿನದಿಂದಲೇ...”

“... ನೀನು ಈಗ ನಗುವುದಾ, ಅಳುವುದಾ? ಸರಿಯಾಗಿ ಹೇಳು...”

ಹೆದರಿದವಳಿಗೆ ಸಿಟ್ಟು ಬರುವುದು ಸುಲಭ. ಫಯಾಝ್ ನಕ್ಕದ್ದೇ ತಡ, ನೀಲಾವತಿಗೆ ನೆತ್ತಿಗೇರಿತು. ಮೂರು ತಿಂಗಳು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಅಳತೆ ತುಂಬಿಸಿದ್ದು ಅವಳು, ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ಮೂಡುಬಿದಿರೆಯವರೆಗೆ ಮಡಿಲಲ್ಲಿ ಕೂರಿಸಿಕೊಂಡು ಹೋದದ್ದು ಅವಳು, ಈಗ ನಗುವುದು ಇವನು. ಅವಳು ಸ್ವರ ಏರಿಸಿದಳು, ಟೀಚರಿಗೂ ಕೇಳಲಿ ಎಂದೇ.

“ನಗಾಡ್ಬೇಡ ನೀನು! ನಿನ್ನ ಬಂಡವಾಳ ಇಲ್ಲಿ ಹೊರಗೆ ಬಿದ್ದಿದೆ. ಶಶಿಪ್ರಭಾ ಟೀಚರ ಅಳತೆ ನೋಣಯ್ಯನ ಚರುಮುರಿ ಕಾಗದದಲ್ಲಿ ಹೇಗೆ ಬಂತು? ಹೇಳು! ಕಂಪ್ಯೂಟರ್ ಇದ್ದದ್ದು ನಿನ್ನ ಹತ್ತಿರ. ಪಾಸ್‌ವರ್ಡ್ ಗೊತ್ತಿದ್ದದ್ದು ನಿನಗೆ. ನೀನು ಪ್ರಿಂಟ್ ತೆಗೆದು ಬಿಸಾಡಿದ್ದಲ್ವಾ? ನೋಣಯ್ಯ ಕಾಗದ ತರುವುದು ಮೂಡುಬಿದಿರೆಯ ಗುಜರಿಯಿಂದಲೇ ಅಲ್ವಾ?...”

“... ಆಣೆ ಗೀಣೆ ಎಲ್ಲ ಬೇಡ. ಟೀಚರ್ ಇಲ್ಲೇ ಕೂತಿದ್ದಾರೆ. ಅವರು ಸುಳ್ಳು ಹೇಳ್ತಾರಾ? ಕಣ್ಣಾರೆ ಓದಿದ್ದಾರೆ...”

“... ಎಂತ? ಪ್ರಿಂಟಾ, ಕೈಬರಹವಾ ಅಂತಲಾ? ಅದು ಕೇಳಿ ನಿನಗೆಂತ ಆಗ್ಬೇಕು?... ಆಯ್ತು, ತಡಿ. ಟೀಚರೇ, ಆ ಕಾಗದ ಒಮ್ಮೆ ಕೊಡಿ. ಈಗ ಅವನ ಬಾಯಿ ಮುಚ್ಚಿಸ್ತೇನೆ.”

ಟೀಚರು ವ್ಯಾನಿಟಿ ಬ್ಯಾಗಿನಿಂದ ಕಾಗದ ತೆಗೆದು ಮೇಜಿನ ಮೇಲೆ ಹರವಿದರು. ತೆಂಗಿನೆಣ್ಣೆಯ ಕಲೆ, ಮೆಣಸಿನ ಪುಡಿ, ಅಂಟಿಕೊಂಡ ಒಂದು ಮಂಡಕ್ಕಿ. ಗೆರೆ ಎಳೆದ ಪುಸ್ತಕದ ಹಾಳೆ, ನೀಲಿ ಶಾಯಿ. ‘ಸೊಂಟ’ದ ಸೊನ್ನೆ ದಾರದ ಉಂಡೆಯಂತೆ ದೊಡ್ಡದಾಗಿತ್ತು.

“... ಹಾಂ, ಇದ್ದೇನೆ...”

“... ಕೈಬರಹವೇ...”

“... ಯಾರದ್ದು ಅಂದ್ರೆ... ಹಾಗೆ ಹೇಳ್ಲಿಕ್ಕೆ ಆಗುವುದಿಲ್ಲ... ನನ್ನದ್ದೇ.”

ಇಷ್ಟು ಸಣ್ಣ ಸ್ವರದಲ್ಲಿ ನೀಲಾವತಿ ತನ್ನ ಮದುವೆಯ ದಿನವೂ ಮಾತಾಡಿರಲಿಲ್ಲ.

“... ಅಳತೆ ಪುಸ್ತಕಗಳಾ? ಅದು... ಕಂಪ್ಯೂಟರಿಗೆ ತುಂಬಿಸಿ ಆಯ್ತಲ್ಲ, ಇನ್ನು ಯಾಕೆ ಅಂತ ಹೋದ ತಿಂಗಳು ಗುಜರಿಯವನಿಗೆ ಕೊಟ್ಟೆ. ಅವನು ಒಂದು ಬಕೆಟು ಕೊಟ್ಟ. ಒಳ್ಳೆ ಬಕೆಟು...”

“... ನೀನು ಇಟ್ಟುಕೊಳ್ಳಿ ಅಂತ ಹೇಳಿದ್ದು ಹೌದು. ಮೂರು ಸಲ ಹೇಳಿದ್ದೂ ಹೌದು. ಬೈಬೇಡ ಮಾರಾಯ. ತಪ್ಪಾಯ್ತು. ನಿನ್ನ ಮೇಲೆ ಹಾಕಿದ್ದೂ ತಪ್ಪಾಯ್ತು...”

ಅವಳು ರಿಸೀವರಿಗೆ ಕೈ ಅಡ್ಡ ಹಿಡಿದು ಟೀಚರ ಕಡೆ ತಿರುಗಿದಳು. ಇನ್ನು ಅಡಗಿಸುವುದಕ್ಕೆ ಏನೂ ಉಳಿದಿರಲಿಲ್ಲ.

“ಟೀಚರೇ, ಮೂವತ್ತೆಂಟೇ ಹೌದು. ಮೂವತ್ತನಾಲ್ಕು ನಾನು ಬಾಯಲ್ಲಿ ಹೇಳಿದ್ದು. ನಿಮಗೆ ಬೇಜಾರಾಗ್ಬಾರ್ದು ಅಂತ. ಎಲ್ಲರಿಗೂ ಹಾಗೇ ಹೇಳುವುದು, ನಿಮಗೆ ಮಾತ್ರ ಅಲ್ಲ. ಮತ್ತೆ... ನಿಮ್ಮ ಬೊಂಬಾಯಿಯವರ ಅಳತೆ ಒಂದೂ ನನ್ನ ಹತ್ತಿರ ಇಲ್ಲ. ಎಲ್ಲ ಹೋಯ್ತು.”

ಮೂವತ್ತು ಮಕ್ಕಳ ಗದ್ದಲವನ್ನು ಒಂದೇ ನೋಟದಲ್ಲಿ ನಿಲ್ಲಿಸಿ ಅಭ್ಯಾಸವಿದ್ದ ಟೀಚರು ಆ ನೋಟವನ್ನು ನೀಲಾವತಿಯ ಮೇಲೆ ಬಿಟ್ಟರು. ಅಷ್ಟರಲ್ಲಿ ಫೋನು ಕೈಯೊಳಗೇ ಕಿರುಚಿಕೊಂಡಿತು.

“... ಹಾಂ, ಹೇಳು ಫಯಾಝ್... ಎಲ್ಲಿ ಉಂಟು ಅಂದ್ರೆ? ಯಾವುದು ಎಲ್ಲಿ?... ಹೌದಲ್ಲ! ಟೀಚರದ್ದು ಇವತ್ತು ಹರಿದದ್ದಾದ್ರೆ ಉಳಿದದ್ದು ಗಾಡಿಯಲ್ಲೇ ಇರ್ಬೇಕು! ಮದುವೆಯವರದ್ದೆಲ್ಲ ಅದೇ ಪುಸ್ತಕದಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆ...”

“... ಕಾಣ್ತಾ ಉಂಟು, ಇಲ್ಲಿಂದಲೇ ಕಾಣ್ತಾ ಉಂಟು. ಬೆಳ್ತಂಗಡಿ ಬಸ್ಸು ಬಂದಿದೆ. ನೋಣಯ್ಯನಿಗೆ ಭಾರೀ ವ್ಯಾಪಾರ. ಅಯ್ಯೋ, ಒಂದು ಹರಿದ! ಇನ್ನೊಂದು ಹರಿದ! ಓ ನೋಣಯ್ಯಾ! ನಿಲ್ಸು ಮಾರಾಯಾ!... ಕೇಳುವುದಿಲ್ಲ ಅವನಿಗೆ, ಸೌಟು ಬಡೀತಾ ಇದ್ದಾನೆ...”

“... ನಾನು ಹೇಗೆ ಓಡುವುದು, ಫೋನಿನ ವಯರು ಇಷ್ಟೇ ಉದ್ದ ಇರುವುದು... ಫೋನು ಕೆಳಗಿಡು ಅಂತ ಹೇಳ್ತೀಯಾ? ಅದೂ ಹೌದು...”

ಅವಳು ಫೋನು ಇಡುವ ಮೊದಲೇ ಸ್ಟೂಲು ಮಗುಚಿ ಬಿತ್ತು. ಮುಂದಿನ ವರ್ಷ ನಿವೃತ್ತಿಯಾಗಲಿದ್ದ ಶಶಿಪ್ರಭಾ ಟೀಚರು ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆಗೆ ಹಾರಿದ್ದರು.

“... ಫಯಾಝ್, ಟೀಚರ್ ಓಡಿದ್ರು! ಮಾರಾಯ, ಎಂಥಾ ಓಟ! ಬಸ್ಸಿನ ಎದುರಿನಿಂದಲೇ ಹೋದ್ರು. ಡ್ರೈವರ್ ಬೈಲಿಕ್ಕೆ ತಲೆ ಹೊರಗೆ ಹಾಕಿದ, ಟೀಚರನ್ನು ಕಂಡು ನಮಸ್ಕಾರ ಮಾಡಿದ, ಅವರ ವಿದ್ಯಾರ್ಥಿ ಇರ್ಬೇಕು... ಸಿಕ್ಕಿತು, ಸಿಕ್ಕಿತು! ಕಟ್ಟು ಪೂರಾ ನೋಣಯ್ಯನ ಕೈಯಿಂದ ಎಳ್ಕೊಂಡ್ರು. ಈಗ ತಿನ್ನುವವರ ಹತ್ತಿರ ಕೇಳ್ತಾ ಇದ್ದಾರೆ. ಒಬ್ಬನ ಚರುಮುರಿಯನ್ನು ಅವನ ಬೊಗಸೆಗೇ ಸುರಿದು ಕಾಗದ ತೆಗ್ದುಕೊಂಡ್ರು...”

“... ಇಲ್ಲ, ಬರ್ಲಿಲ್ಲ. ಅಲ್ಲೇ ನಿಂತಿದ್ದಾರೆ. ಎಂತ ಮಾಡುವುದು ಅಂದ್ರೆ... ಓದ್ತಾ ಇದ್ದಾರೆ.”

ಆ ಕಟ್ಟಿನಲ್ಲಿ ವೇಣೂರಿನ ಅರ್ಧ ಹೆಂಗಸರ ಸತ್ಯವಿತ್ತು. ಟೀಚರು ಒಂದು ಹಾಳೆ ಮಗುಚಿದರು, ಇನ್ನೊಂದು ಮಗುಚಿದರು, ಮೂರನೆಯದನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು.

“... ಫಯಾಝ್, ನಗ್ತಾ ಇದ್ದಾರೆ ಮಾರಾಯ. ದೇವರಾಣೆಗೂ. ಒಬ್ಬರೇ ನಿಂತು ನಗ್ತಾ ಇದ್ದಾರೆ...”

ಟೀಚರು ನಿಧಾನವಾಗಿ ರಸ್ತೆ ದಾಟಿ ಬಂದರು. ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು, ಬಿದ್ದ ಸ್ಟೂಲನ್ನು ತಾವೇ ಎತ್ತಿ ಕೂತು ಉಸಿರು ಬಿಟ್ಟರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಅವರು ನೀಲಾವತಿಯ ಬಿಡುವಿದ್ದ ಕಿವಿಗೆ ಬಾಯಿ ತಂದು ಏನೋ ಹೇಳಿದರು.

“... ತಡಿ, ಟೀಚರ್ ಮಾತಾಡ್ತಾ ಇದ್ದಾರೆ... ಹಾಂ ಟೀಚರೇ... ಹೌದು, ನಿಮ್ಮ ನಾದಿನಿಯದ್ದು ನಲ್ವತ್ತೆರಡೇ... ಅವರಿಗೆ ಹೇಳಿದ್ದು ಮೂವತ್ತಾರು... ಆಯ್ತು... ಆಯ್ತು ಟೀಚರೇ, ಹಾಗೇ ಮಾಡುವ.”

ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ನಗು ನುಗ್ಗಿ ಬಂತು. ಕಟ್ಟಿನ ಹಾಳೆಗಳನ್ನು ಬೇಗಬೇಗ ಮಗುಚಿ ಎಣಿಸಿದಳು. ಅಂಗಡಿ ಉಳಿಯಿತು, ಮದುವೆಯೂ ಉಳಿಯಿತು. ಸಂತೋಷಕ್ಕೆ ಫಯಾಝನ ಕಿವಿ ಒಡೆಯುವ ಹಾಗೆ ಕೂಗಿದಳು.

“ಫಯಾಝ್! ಒಂಬತ್ತು ಮಂದಿಯದ್ದು ಸಿಕ್ಕಿತು. ಇಬ್ಬರದ್ದು ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಯ್ತು, ಅಡ್ಡಿಲ್ಲ, ಅವಕ್ಕೆ ಒಳಗೆ ಬಟ್ಟೆ ಜಾಸ್ತಿ ಬಿಟ್ಟು ಹೊಲಿದ್ರಾಯ್ತು. ಟೀಚರಿಗೆ ಸಿಟ್ಟಿಲ್ಲ ಈಗ. ಅವರದ್ದು ಇನ್ನು ಮುಂದೆಯೂ ಮೂವತ್ತನಾಲ್ಕೇ ಅಂತೆ. ನಾದಿನಿಯದ್ದು ಮಾತ್ರ ಶನಿವಾರ ಎಲ್ಲರ ಎದುರು ಟೇಪು ಹಿಡಿದು, ಇದ್ದದ್ದು ಇದ್ದ ಹಾಗೆ ಗಟ್ಟಿಯಾಗಿ ಹೇಳ್ಬೇಕಂತೆ...”

“... ಹಾಂ, ಹೊಸ ಡಿಸ್ಕು ಹಾಕು. ಈ ಸಲ ಹೆಸರಿನ ಎದುರು ಎರಡು ಕಾಲಂ ಮಾಡಿ ಕೊಡು. ಹೇಳುವ ಅಳತೆಗೆ ಒಂದು, ಹೊಲಿಯುವ ಅಳತೆಗೆ ಒಂದು. ಎರಡಕ್ಕೂ ಕಾಪಿ ನಿನ್ನ ಹತ್ತಿರವೂ ಒಂದು ಇರ್ಲಿ, ನನ್ನನ್ನು ನಂಬಿ ಪ್ರಯೋಜನ ಇಲ್ಲ. ಪೆನ್ನು ಉಂಟಾ ಕೈಯಲ್ಲಿ? ಮರೆಯುವ ಮೊದಲು ಇಲ್ಲಿಂದಲೇ ಶುರು ಮಾಡುವ. ಬರ್ಕೋ. ಶಶಿಪ್ರಭಾ ಟೀಚರ್, ಸೊಂಟ, ಹೇಳುವುದು ಮೂವತ್ತನಾಲ್ಕು, ಹೊಲಿಯುವುದು ಮೂವತ್ತೆ—”

ಟೀಚರ ತೋರುಬೆರಳು ಫೋನಿನ ಗುಂಡಿಯನ್ನು ಒತ್ತಿ ಹಿಡಿದಿತ್ತು.