ಕಾಗದದ ಬಾವಿ

“ಬಾವಿ ಮುಟ್ಟೋ ಹರಿಜನನ ಪಾರ್ಟು ಗೌಡ್ರ ಮಗನಿಗ್ಯಾಕೆ ಮೇಷ್ಟ್ರೇ? ನಾನಿಲ್ವಾ?”

ಕೆಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನಾನು ತಿರುಗಿ ನೋಡಿದೆ. ನಾಟಕದ ಮೇಷ್ಟ್ರು ಛತ್ರಿ ಊರಿಕೊಂಡು ನಿಂತಿದ್ದರು. ಕೇಳಿದವನು ಎರಡು ಮಾರು ದೂರದಲ್ಲಿದ್ದ.

“ಅಸ್ಪೃಶ್ಯತೆ ಬೇಡ ಅಂತಾನೇ ನಾಟಕ ಕಣೋ ಮಾರಯ್ಯ. ಆದ್ರೆ ನೀನೇ ಬಾವಿ ಮುಟ್ಟಿದ್ರೆ ಜನ ಎದ್ದು ಹೋಗ್ತಾರೆ.”

“ಅದು ಬಿದಿರು ತಡಿಕೆಗೆ ಕಾಗದ ಅಂಟಿಸಿದ ಬಾವಿ ಸ್ವಾಮಿ.”

“ಗೊತ್ತು.”

“ಅಂಟಿಸಿದ್ದೂ ನಾನೇ. ಒಳಗೂ ಹೊರಗೂ ಮುಟ್ಟಿದ್ದಾಯ್ತು.”

ಮೇಷ್ಟ್ರು ನಕ್ಕುಬಿಟ್ಟರು. “ಗೌಡ್ರ ಮಗನಿಗೆ ಏನು ಕೊಡ್ಲಿ?”

“ಬಾವಿಯಿಂದ ಓಡಿಸೋ ಗೌಡ್ರ ಪಾರ್ಟು ಕೊಡಿ. ಅದು ಅವರಿಗೆ ಬಾಯಿಪಾಠ.”

ಬಸ್ಸು ಬಂತು. ಮೇಷ್ಟ್ರು ಜೇಬಿನಿಂದ ಪಾರ್ಟಿನ ಹಾಳೆ ತೆಗೆದರು. ಮೇಲಿಂದ ಹಾಕುತ್ತಾರೆಂದು ಮಾರಯ್ಯ ಅಭ್ಯಾಸದಂತೆ ಬಗ್ಗಿ ಬೊಗಸೆ ಒಡ್ಡಿದ. ಮೇಷ್ಟ್ರು ಹಾಳೆಯನ್ನು ಅವನ ಅಂಗೈಗೇ ಒತ್ತಿ ಬಸ್ಸು ಹತ್ತಿದರು.