ಉದುರು ಮೆಣಸಿನ ದುಡ್ಡು

ಸೋಮವಾರಪೇಟೆಯ ಅಂಗಡಿಯಲ್ಲಿ ಅಮೃತಾ ತೂಕಕ್ಕೆ ಮುನ್ನ ಕರಿಮೆಣಸಿನಿಂದ ಕಡ್ಡಿ ಆರಿಸುತ್ತಿದ್ದಳು. ಬಳ್ಳಿಯಡಿ ಉದುರಿದ್ದನ್ನು ಆಯ್ದು ಮಾರಿದರೆ ಆ ದುಡ್ಡು ಮನೆಯ ಹೆಂಗಸರದು. ಹೋದ ವರ್ಷದ್ದನ್ನು ಅವಳು ಗುಟ್ಟಾಗಿ ಒಂದು ಸಿನಿಮಾ ಥಿಯೇಟರ್ ಕಂಪನಿಯ ಷೇರಿಗೆ ಹಾಕಿದ್ದಳು. ಸಾಲಿನಲ್ಲಿ ಮುಂದೆ ನಿಂತಿದ್ದ ಕಾಫಿ ಬೆಳೆಗಾರ ಗಂಗಣ್ಣನೂ ಅವರ ಅಳಿಯ ಮಂಜೇಶನೂ ಅದೇ ಕಂಪನಿಯ ಮಾತೆತ್ತಿದರು.

“ಲಾಕ್‌ಡೌನ್ ಸಾಲ ಇನ್ನೂ ತೀರಿಸಿಲ್ಲ ಅವರು. ನಿನ್ನ ಷೇರು ಮಾರಿಬಿಡು.”

“ಜನ ಮತ್ತೆ ಬರ್ತಾರೆ ಮಾವ.”

“ನೀನು ಥಿಯೇಟರಿಗೆ ಹೋಗಿದ್ಯಾ?”

“ಇಲ್ಲ. ಮೊಬೈಲಲ್ಲೇ ನೋಡ್ತೀನಿ.”

“ಇನ್ಯಾರು ಬರ್ತಾರಪ್ಪಾ ಹಾಗಾದ್ರೆ?”

“ನೀವು ಟೀ ಕುಡ್ಕೊಂಡೇ ಕಾಫಿ ಬೆಳೀತಿಲ್ವಾ?”

ಗಂಗಣ್ಣ ನಗುತ್ತ ಖಾಲಿ ಚೀಲ ಮಡಚಿದರು, ಇಬ್ಬರೂ ಹೊರಟರು.

ತನ್ನ ಷೇರು ಮಾರುವ ಮೊದಲು ಮೈಸೂರಿಗೆ ಹೋಗಿ, ಅಲ್ಲಿರುವ ಆ ಕಂಪನಿಯ ಥಿಯೇಟರಿನಲ್ಲಿ ಒಬ್ಬಳೇ ಕೂತು, ಎಷ್ಟು ಕುರ್ಚಿ ತುಂಬುತ್ತವೆಂದು ನೋಡಿಬರುವುದೆಂದು ಅಮೃತಾ ನಿರ್ಧರಿಸಿದಳು. ಮನೆಗೆ ಹೋಗಿ ಮೆಣಸಿನ ದರವನ್ನಷ್ಟೇ ಹೇಳಿದಳು.