ಕುಬಸದ ರಟ್ಟಿನ ನವಿಲು

ಹಲೋ... ಹಲೋ, ಯಾರ್ರೀ ಮಾತಾಡಾದು? ಇದು ನಮ್ಮ ಕಾವ್ಯಾನ ನಂಬರ್ ಅಲ್ವಾ? ಗಂಡಸರ ಧ್ವನಿ ಬರಾಕತ್ತದ...

ಹಾಂ, ವಿರೂಪಣ್ಣ! ಯಣ್ಣಾ, ನೀನಾ? ಮಗಳ ಫೋನ್ ಯಾಕ ಕಸಗೊಂಡಿ? ನಿಂದಕ್ಕೇನಾತು?...

ಬೆಳಗಿನಿಂದ ಫೋಟೋ ಎಲ್ಲಾ ಬೆಳ್ಳಗ ಬರ್ತಾವ ಅಂತ ರಿಪೇರಿಗೆ ಕೊಟ್ಟಿ? ಮಗಳ ಸೀಮಂತ, ಕುಬಸದ ದಿನಾನ ಕೆಡಬೇಕಿತ್ತಾ ಅದು! ಇರ್ಲಿ. ನಾ ರಾಯಚೂರು ಬಿಟ್ಟು ಬಸ್ಸಿನ್ಯಾಗ ಅದೀನಿ. ಇನ್ನೊಂದು ತಾಸಿನಾಗ ಮಾನ್ವಿಗೆ ಇಳಿತೀನಿ. ಮುಹೂರ್ತ ಹನ್ನೆರಡಕ್ಕ ಅಲ್ವಾ?...

ಏನು? ಲೇಸರ್ ಮಿಷನ್ ರಟ್ಟು ಕತ್ತರಸವಲ್ದಾ? ಮೊನ್ನೆ ನಾನ ಬಂದು ನವಿಲಿನ ಮೈ ಕತ್ತರಿಸಿ ಕೊಟ್ಟೆ, ಬೆಣ್ಣಿ ಕೊರದಂಗ ಕೊರೀತು. ಗರಿ ಅಷ್ಟ ಉಳದಿದ್ವು. "ನನ್ನ ಮಗಳ ಕುರ್ಚಿ ಹಿಂದಿನ ನವಿಲಿಗೆ ನನ್ನ ಕೈನೂ ಹತ್ತಬೇಕು, ಮಿಷನ್ ಬಿಟ್ಟು ಹೋಗು" ಅಂತ ಹಟ ಹಿಡದಾಂವ ಯಾರು?...

ಬೈಯಾಕತ್ತಿಲ್ಲಣ್ಣ, ಕೇಳಾಕತ್ತೀನಿ. ನೀಲಿ ಬೆಳಕು ಬರ್ತದೇನು?...

ಬರ್ತದ, ಆದ್ರ ರಟ್ಟು ಬರೇ ಕಪ್ಪಾಗ್ತದ, ಹೊಗಿ ಬಿಡ್ತದ. ಹಾಂ. ಅಲ್ಲಾ, ಬೆಳಕು ನೋಡ್ದಾಗ ಹಸಿರು ಕನ್ನಡಕ ಹಾಕ್ಕೊಂಡಿದ್ದಿ, ಹೌದಿಲ್ಲೋ?...

ಕಾವ್ಯಾಗ ಹಾಕೀಯಾ! ಆಕಿ ಅಲ್ಲೇ ಕುಂತು ನೋಡಾಕತ್ತಾಳಾ? ಮತ್ತ ನೀನು?...

ಒಂದು ಕಣ್ಣು ಮುಚ್ಚಿ ನೋಡಿದಿ? ಯಪ್ಪಾ ಶಿವನೇ! ತೆರದಿದ್ದ ಕಣ್ಣು ಯಾರದು, ಬಾಜೂ ಮನಿಯವ್ರದಾ? ಅದು ಟಾರ್ಚ್ ಅಲ್ಲೋ, ಲೇಸರ್. ಹೋದ ಕಣ್ಣು ತಿರುಗಿ ಬರಂಗಿಲ್ಲ. ಮೊದಲು ಪ್ಲಗ್ ಕಿತ್ತು ಕೈಯಾಗ ಹಿಡಕೋ. ಹಿಡಕೊಂಡು ಹೇಳು...

ಹಾಂ, ಚಲೋ. ಈಗ ಕಾವ್ಯಾನ ಪಡಸಾಲಿಗೆ ಕಳಸು. ಏಳು ತಿಂಗಳ ಬಸುರಿ, ಆ ಹೊಗಿ ಆಕಿ ಮೂಗಿಗೆ ಹೋಗಬಾರದು. ಕಿಡಕಿ ಎಲ್ಲಾ ತಗದೀರಲ್ಲ?...

ಮುಚ್ಚೀರಿ? ಯಾಕ?...

ಓಣಿ ಮಂದಿ ಕಣ್ಣು ಬೀಳ್ತದಂತ! ಅಣ್ಣಾ, ಓಣಿ ಮಂದಿ ಕಣ್ಣಿಗಿಂತ ಆ ಮಿಷನ್ ಕಣ್ಣು ಕೆಟ್ಟದ್ದು. ತಗಿ ಕಿಡಕಿ. ಹೊಗಿ ಹೊರಗ ದಬ್ಬೋ ಫ್ಯಾನ್ ಹಚ್ಚು. ನಾ ಹಾಳ್ಯಾಗ ಎಲ್ಲಾ ಬರದು ಕೊಟ್ಟಿದ್ನಲ್ಲ, ಕನ್ನಡಕ, ಕಿಡಕಿ, ಒದ್ದಿ ಗೋಣಿಚೀಲ ಬಾಜೂಕ ಇರ್ಲಿ, ಮಿಷನ್ ಬಿಟ್ಟು ಅಲ್ಲಾಡಬ್ಯಾಡ ಅಂತ. ಎಲ್ಲದ ಆ ಹಾಳಿ?...

ಚನ್ನಮಲ್ಲಮ್ಮ ವೈನಿ ಹೋಳಿಗಿ ಬುಟ್ಟಿಗೆ ಮುಚ್ಯಾಳ. ಆತು, ಹೋಳಿಗಿಗಂತೂ ಏನೂ ಅಪಾಯ ಇಲ್ಲ. ಗೋಣಿಚೀಲ ತೊಯ್ಸಿ ಇಟ್ಟೀಯಾ? ರೈಸ್ ಮಿಲ್ ಸಾವಕಾರ, ನಿನ್ನ ಹತ್ರ ಗೋಣಿಚೀಲಕ್ಕೇನು ಬರಾ?...

ಹಾಂ, ತರಸು. ಈಗ ಹೇಳು, ಇವತ್ತು ಮಿಷನ್ ಹಚ್ಚೂಕಿಂತ ಮೊದಲು ಏನೇನು ಮಾಡಿದಿ? ಒಂದೂ ಬಿಡಬ್ಯಾಡ...

ಜಳಕ ಮಾಡಿದಿ... ಮಡಿ ಉಟ್ಟಿ... ಊದಿನಕಡ್ಡಿ ಬೆಳಗಿದಿ, ಹಾಂ... ಕಾಯಿ ಒಡದಿ. ಮಿಷನ್ ಮ್ಯಾಲ ಒಡದಿಲ್ಲ ಹೌದಲ್ಲೋ?...

ಹೊಸ್ತಿಲ ಮ್ಯಾಲ. ಪುಣ್ಯಾ ಬಂತು. ಮತ್ತ?...

ವಿಭೂತಿ ಹಚ್ಚಿದಿ. ಮಿಲ್ಲಿನ್ಯಾಗ ಮೋಟಾರಿಗೆ ಹಚ್ತೀರಲ್ಲ, ಹಂಗ. ಎಲ್ಲಿ ಹಚ್ಚಿದಿ?...

ಹಣಿಗೆ? ಅದಕ್ಕ ಹಣಿ ಎಲ್ಲದಣ್ಣ?...

ಬೆಳಕು ಬರೋ ಗಾಜಿಗೆ! ಮೂರು ಬಟ್ಟು ಎಳದೀಯಾ? ಅಯ್ಯ ನನ ಶಿವನ! ಮಿಷನ್ ಬಡಕೊಂಡು ಬೆಳಕು ಬಿಡಾಕತ್ತದ, ನಿನ್ನ ವಿಭೂತಿ ಅಡ್ಡ ನಿಂತದ. ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ ಅಂತಾರಲ್ಲ, ಆ ಪೂಜಾರಿ ನೀನ ಆದಿ. ತಡಿ, ನಿನ್ನ ಫೋನಿಗೂ ಹಚ್ಚಿದಿ ಏನು?...

ಹಚ್ಚಿದಿ. ಕ್ಯಾಮರಾದ ಮ್ಯಾಲ. ರಿಪೇರಿಯವಗ ಹೇಳು, ಬಿಚ್ಚಬ್ಯಾಡಪಾ, ಒರಸು ಅಂತ...

ಹಾಂ?... ಹಾಂ... ಇಲ್ಲಣ್ಣ, ನಗಾಕತ್ತಿಲ್ಲ. ಗೊತ್ತದ. ಎರಡು ಸಲ ಕಾವ್ಯಾನ ಬಸರು ನಿಲ್ಲಲಿಲ್ಲ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಮೂರನೇದು ಇದು. ಅದಕ್ಕ ಕುರ್ಚಿಗೆ ಹಚ್ಚಿದಿ, ಅಳಿಯನ ಬೈಕಿಗೆ ಹಚ್ಚಿದಿ, ದವಾಖಾನಿ ಫೈಲಿಗೂ ಹಚ್ಚಿದಿ. ನನಗೂ ಹೆದರಿಕಿ ಅದ. ನಾ ಹೇಳಿಲ್ಲ, ಅಷ್ಟ. ಆದ್ರ ಆಕಿ ಮುಂದ ನೀ ಅಳಬ್ಯಾಡ. ನವಿಲು ನಿಂದ್ರಸ್ತೀವಿ, ಆಕಿನ ಕುಂದ್ರಸ್ತೀವಿ...

ಹೇಳ್ತೀನಿ ಕೇಳು. ಪ್ಲಗ್ ಹೊರಗ ಅದಲ್ಲ? ಗಾಜು ಆರೇದೇನು?... ಮಿಷನ್ ಡಬ್ಬ್ಯಾಗ ಸಣ್ಣ ಸ್ಪಿರಿಟ್ ಬಾಟ್ಲಿ ಅದ, ಹತ್ತಿ ಅದ್ದಿ ಮೆಲ್ಲಕ ಒರಸು. ತಿಕ್ಕಬ್ಯಾಡ. ಕೂಸಿನ ಮೂಗು ಒರಸಿದಂಗ...

ಧೋತರದಾಗ ಅಲ್ಲ! ಹತ್ತಿ, ಹತ್ತಿ...

ಫಳಫಳ ಆತಾ? ಬಾಟ್ಲಿ ಹೊರಗ ಇಡು, ಅದಕ್ಕ ಕಿಡಿ ತಾಕಬಾರದು. ಒಂದೆರಡು ನಿಮಿಷ ಒಣಗಲಿ. ಅಂದಂಗ ಪವರ್ ಎಷ್ಟಕ್ಕ ಇಟ್ಟಿದ್ದಿ?...

ನೂರಕ್ಕ! ಕತ್ತರಸವಲ್ದು ಅಂತ ಏರಸ್ಕೋತ ಹೋದಿ? ನಾ ಇಟ್ಟಿದ್ದ ಎಪ್ಪತ್ತಕ್ಕ ಇಳಸು, ಇಲ್ಲಾಂದ್ರ ಈಗ ರಟ್ಟು ಭಗ್ ಅಂತದ. ಮೊದಲು ಒಂದು ತುಂಡಿನ ಮ್ಯಾಲ ನೋಡು. ಕನ್ನಡಕ ನಿನ್ನ ಕಣ್ಣಿಗೆ, ಎರಡೂ ಕಣ್ಣಿಗೆ. ಹೂಂ, ಹಚ್ಚು. ನಾ ಕೇಳಾಕತ್ತೀನಿ...

ಯಣ್ಣಾ?... ಏನಾತು? ಬೆಂಕಿ ಏನರ... ಮಾತಾಡೋ!...

ಬಿತ್ತಾ? ತುಂಡು ತಾನ ಬಿತ್ತಾ? ಈಗ ಗರಿ ಹಚ್ಚು... ಹಾಂ... ಅದೂ ಬಿತ್ತಾ? ಅಂಚು ಕರಕಾಗಿಲ್ಲಲ್ಲ?...

ಮತ್ತ ಯಾಕ ಮೂಗು ಏರಸಾಕತ್ತಿ?... ಹೊಗಿನಾ? ಕಿಡಕಿ ತಗದದ, ಫ್ಯಾನ್ ತಿರುಗಾಕತ್ತದ, ಹೊಗಿ ಎಲ್ಲಿಂದ ಬಂತಣ್ಣ?... ಆತು, ಹೊಗಿನ. ನಾ ಯಾರಿಗೂ ಹೇಳಂಗಿಲ್ಲ. ಇನ್ನೂ ಹತ್ತು ಗರಿ ಅದಾವ, ಕಣ್ಣು ತಗೀಬ್ಯಾಡ...

ಅದೇನು ಹೆಜ್ಜಿ ಸಪ್ಪಳ? ಮಿಷನ್ ಬಿಟ್ಟು ಎಲ್ಲಿ ಹೊಂಟಿ?... ಬಂದ್ ಮಾಡಿ ಹೊಂಟೀಯಾ? ಎಲ್ಲಿಗೆ?...

ದೇವರ ಜಗಲಿಗ್ಯಾಕ?...

ಮಿಷನ್ ಮಾತು ಕೇಳ್ತು ಅಂತ ಅದಕ್ಕ ಮತ್ತ ವಿಭೂತಿ... ಬ್ಯಾಡ! ಯಣ್ಣಾ, ಬ್ಯಾಡ! ಕಾವ್ಯಾನ ಹಣಿಗೆ ಹಚ್ಚು, ನವಿಲಿಗೆ ಹಚ್ಚು, ನಾ ಬಂದ ಮ್ಯಾಲ ನನಗ ಮೈತುಂಬ ಬಡಿ, ಆ ಗಾಜಿಗೆ ಮಾತ್ರ... ಹಲೋ? ಕೇಳಸ್ತಾ?... ಹಲೋ... ಯಣ್ಣಾ, ಗಾಜಿಗೆ...